ಮುಳ್ಳುತಂತಿಯ ಹೊರೆ

ತಲೆ ಮೇಲಿನ ಹೊರೆ ಇಳಿಸೋಕೆ ಯಾರೂ ಬೇಡ. ಕತ್ತು ಸ್ವಲ್ಪ ವಾಲಿಸಿದರೆ ಸಾಕು, ಅದೇ ಬೀಳುತ್ತೆ. ಏರಿಸಿಕೊಳ್ಳೋಕೆ ಮಾತ್ರ ಇನ್ನೊಬ್ಬಳು ಬೇಕು. ಎಂಥ ಗಟ್ಟಿಗಿತ್ತಿಯಾದರೂ ತುಂಬು ಸೌದೆ ಹೊರೆಯನ್ನ ತಾನೊಬ್ಬಳೇ ತಲೆಗೆ ಏರಿಸಿಕೊಳ್ಳೋಕೆ ಆಗಲ್ಲ. ಅದಕ್ಕೇ ಗುಡ್ಡಕ್ಕೆ ಹೋಗೋ ಹೆಂಗಸರಲ್ಲಿ ಒಂದು ಕಟ್ಟುಪಾಡಿದೆ. ಕೈ ಕೊಡು ಅಂದರೆ ಕೊಡಬೇಕು. ಹಿಂದಿನ ದಿನ ನೀನು ಅವಳ ಜುಟ್ಟು ಹಿಡಿದಿರಬಹುದು, ಅವಳು ನಿನ್ನ ವಂಶಕ್ಕೇ ಶಾಪ ಹಾಕಿರಬಹುದು. ಅದೆಲ್ಲ ಗುಡ್ಡ ಇಳಿದ ಮೇಲೆ. ಮೇಲಿದ್ದಾಗ ಕೈ ಕೊಡು ಅಂದರೆ ಕೊಡಬೇಕು.

ಹೊರೆಯಕ್ಕ ಇದನ್ನ ಒಂದು ದಿನವೂ ತಪ್ಪಿದವಳಲ್ಲ. ಹಾಗಂತ ಮೆತ್ತಗಿನ ಹೆಂಗಸು ಅಂದ್ಕೋಬೇಡಿ. ಅವಳ ಬಾಯಿಗೆ ಹೆದರಿ ಕಾಡಿನ ವಾಚರ್ ಕೂಡ ಬೇರೆ ದಾರಿ ಹಿಡೀತಾನೆ. ಮನೆಯಲ್ಲಿ ಅವಳಿಗೂ ಸೊಸೆಗೂ ಉಪ್ಪಿಗೆ ಜಗಳ, ನೀರಿಗೆ ಜಗಳ, ಒಲೆ ಬೂದಿ ಯಾರು ತೆಗೀಬೇಕು ಅನ್ನೋದಕ್ಕೂ ಜಗಳ. ಮಗ ದೂರದ ಊರಲ್ಲಿ ಗಾರೆ ಕೆಲಸ ಮಾಡ್ತಾನೆ. ಬಂದರೆ ಬಂದ, ಇಲ್ಲಾಂದ್ರೆ ಇಲ್ಲ. ಬಂದಾಗಲೂ ಇವರಿಬ್ಬರ ಮಧ್ಯೆ ಬಾಯಿ ಹಾಕೋ ಧೈರ್ಯ ಅವನಿಗಿಲ್ಲ. ಆದರೆ ಗುಡ್ಡದ ಮೇಲೆ ಸೊಸೆ "ಅತ್ತೆ, ಕೈ" ಅಂದರೆ ಸಾಕು, ಹೊರೆಯಕ್ಕ ಬೈತಾ ಬೈತಾನೇ ಬಂದು ಎತ್ತಿಸ್ತಾಳೆ. ಎಲ್ಲರಿಗೂ ಎತ್ತಿಸಿ ಕೊನೆಗೆ ಉಳಿದವಳು ತನ್ನ ಹೊರೆಯನ್ನ ಬಂಡೆಗೆ ಒರಗಿಸಿ, ಕುಕ್ಕರಗಾಲಲ್ಲಿ ಕೂತು, ಅದರ ಕೆಳಗೆ ತಲೆ ಕೊಟ್ಟು ಏಳಬೇಕು. ಮೊಣಕಾಲು ಚಟಚಟ ಅನ್ನುತ್ತೆ. ಆ ಕೊನೆಯ ಪಾಳಿಯನ್ನ ಅವಳು ಯಾವತ್ತೂ ಸೊಸೆಗೆ ಬಿಟ್ಟುಕೊಟ್ಟಿಲ್ಲ. ಅದು ಪ್ರೀತಿಯಾ ಅಂತ ಕೇಳಿದರೆ ಇಬ್ಬರೂ ಹೊಡೆಯೋಕೆ ಬರ್ತಾರೆ.

ಹೊಲ ಅಂತ ಅವರಿಗೆ ಉಗುರಿನಷ್ಟೂ ಇಲ್ಲ. ಒಂದು ಮನೆ, ಎರಡು ಮೇಕೆ, ಎದುರಿಗೆ ಗುಡ್ಡ. ಗುಡ್ಡದ ಸೌದೆ ಪೇಟೆಯ ಹೋಟೆಲಿನ ಒಲೆಗೆ ಹೋದರೆ ಇವರ ಒಲೆ ಮೇಲೆ ಪಾತ್ರೆ ಕೂರುತ್ತೆ. ಲೆಕ್ಕ ಅಷ್ಟೇ.

ಹೀಗಿರುವಾಗ ಗುಡ್ಡಕ್ಕೆ ಒಪ್ಪಂದ ಬಂತು. ಸಮುದಾಯ ಅರಣ್ಯ ಒಪ್ಪಂದ ಅಂತ ಅದರ ಹೆಸರು. ಇಲಾಖೆ ಸಸಿ ಕೊಡುತ್ತೆ, ಊರಿನವರು ನೆಟ್ಟು ಕಾಯಬೇಕು, ಮರ ಬಲಿತ ಮೇಲೆ ಕಡಿದು ಬಂದದ್ದನ್ನ ಇಬ್ಬರೂ ಹಂಚಿಕೊಳ್ಳೋದು. ಕೇಳೋಕೆ ಚೆನ್ನಾಗೇ ಇದೆ. ಸಮುದಾಯ ಅಂದರೆ ಯಾರು ಅನ್ನೋದೊಂದು ಬಿಟ್ಟರೆ ಬೇರೆ ತಕರಾರಿಲ್ಲ.

ಊರಿನ ಕಡೆಯಿಂದ ಇದಕ್ಕೆ ಮುಂದೆ ನಿಂತವನು ಕಮಿಟಿಯಣ್ಣ. ಒಳ್ಳೆಯವನೇ ಪಾಪ. ಹಳ್ಳದ ಪಕ್ಕ ನೀರಿರೋ ಹೊಲ, ಮನೆ ತುಂಬ ಜನ, ತಲೆ ಮಾತ್ರ ಬೋಳು. ಊರಲ್ಲಿ ಯಾವ ಕಮಿಟಿ ಹುಟ್ಟಿದರೂ ಅಧ್ಯಕ್ಷನಾಗಿ ಇವನೇ ಹುಟ್ಟಿರ್ತಾನೆ. ಹೊರೆಯಕ್ಕನನ್ನ ಬಾಯಿ ತುಂಬ ಅಕ್ಕ ಅಂತಾನೆ. ಅವನ ಮನೆಯ ಸಿಲಿಂಡರ್ ಖಾಲಿಯಾದ ದಿನ ಅವನ ಹೆಂಡತಿ ಹಿತ್ತಲ ಬಾಗಿಲಿಗೆ ಬಂದು ಸೌದೆ ಕೇಳೋದೂ ಇದೇ ಅಕ್ಕನ ಹತ್ತಿರ.

ರೈತರಿಗೆ ಎಂಥ ಒಪ್ಪಂದ ಇಷ್ಟ ಅಂತ ತಿಳಿದುಕೊಳ್ಳೋಕೆ ಇಲಾಖೆಯಿಂದ ಒಬ್ಬಳು ಹುಡುಗಿ ಬಂದಳು. ಕೈಯಲ್ಲಿ ಚಿತ್ರಗಳ ಸುರುಳಿ, ಚೀಲದ ತುಂಬ ಕೆಂಪು ಕಾಳು. ಅವತ್ತಿಂದ ಅವಳ ಹೆಸರು ಕಾಳುಮೇಡಂ. ಶಾಲೆಯ ಒಂದನೇ ಕ್ಲಾಸಿನಲ್ಲಿ ಸಭೆ. ಅಲ್ಲಿನ ಬೆಂಚುಗಳು ಪುಟಾಣಿ. ಊರಿನ ದೊಡ್ಡ ದೊಡ್ಡ ರೈತರೆಲ್ಲ ಮೊಣಕಾಲನ್ನ ಕಿವಿಗೆ ತಾಗಿಸಿಕೊಂಡು ಕೂತರು. ಹೊರೆಯಕ್ಕನಿಗೂ ಕರೆ ಬಂದಿತ್ತು. ಟೀ ಕೊಡೋಕೆ, ಆಮೇಲೆ ಗುಡಿಸೋಕೆ.

ಕಾಳುಮೇಡಂ ಗೋಡೆಗೆ ಮೂರು ಚಿತ್ರ ಅಂಟಿಸಿದಳು. ಮೊದಲನೆಯದರಲ್ಲಿ ಇಡೀ ಗುಡ್ಡಕ್ಕೆ ಬೇಲಿ, ಒಳಗೆ ಪೊಲೀಸರ ಥರ ಸಾಲಾಗಿ ನಿಂತ ಮರಗಳು. ಯಾರೂ ಒಳಗೆ ಹೋಗೋ ಹಾಗಿಲ್ಲ, ಕೊನೆಗೆ ಪಾಲು ಜಾಸ್ತಿ. ಎರಡನೆಯದರಲ್ಲಿ ಅರ್ಧ ಗುಡ್ಡಕ್ಕೆ ಬೇಲಿ, ಉಳಿದರ್ಧದಲ್ಲಿ ಮೇವಿನ ಮರ. ಅಲ್ಲಿ ಮೇಕೆ ಮೇಯಬಹುದು, ಒಣಸೌದೆ ಆರಿಸಬಹುದು, ಪಾಲು ಕಮ್ಮಿ. ಮೂರನೆಯದರಲ್ಲಿ ಗುಡ್ಡ ಈಗ ಇದ್ದ ಹಾಗೇ. ಒಂದೊಂದು ಚಿತ್ರದ ಕೆಳಗೂ ಒಂದೊಂದು ತಟ್ಟೆ. ಒಬ್ಬೊಬ್ಬ ರೈತನಿಗೆ ಒಂದೊಂದು ಹಿಡಿ ಕಾಳು. ಯಾವುದು ಎಷ್ಟು ಇಷ್ಟವೋ ಅದರ ತಟ್ಟೆಗೆ ಅಷ್ಟು ಕಾಳು ಹಾಕಬೇಕು.

ಹೊರೆಯಕ್ಕ ಕೆಟಲ್ ಹಿಡಿದು ಮೊದಲನೇ ಚಿತ್ರದ ಮುಂದೆ ನಿಂತುಬಿಟ್ಟಳು. ಬೇಲಿಯ ಹತ್ತಿರ ಒಬ್ಬ ಹೆಂಗಸಿನ ಚಿತ್ರ ಇತ್ತು. ತಲೆ ಮೇಲೆ ಸೌದೆ ಹೊರೆ. ಮೈಮೇಲೆ ಅಡ್ಡಡ್ಡ ಕೆಂಪು ಗೀಟು.

"ಮೇಡಂ, ಇದು ನಾನಲ್ವಾ?"

ಕೂತವರೆಲ್ಲ ನಕ್ಕರು.

"ಸೀರೆ ಮಾತ್ರ ನಂದಕ್ಕಿಂತ ಚೆನ್ನಾಗಿದೆ," ಅಂದಳು ಹೊರೆಯಕ್ಕ. "ಆದ್ರೆ ಈ ಗೀಟು ಯಾಕೆ?"

"ಅದು... ಒಳಗೆ ಪ್ರವೇಶ ಇಲ್ಲ ಅಂತ ಅರ್ಥ, ಅಕ್ಕ."

"ಹಾಗಾದ್ರೆ ನಂಗೂ ಒಂದು ಹಿಡಿ ಕಾಳು ಕೊಡಿ. ನನ್ನ ಮೈಮೇಲೆ ಗೀಟು ಎಳೀಬೇಕೋ ಬೇಡ್ವೋ, ನಾನೂ ಹೇಳ್ತೀನಿ."

ಕಾಳುಮೇಡಂ ಕಾಳಿನ ಬಟ್ಟಲಿಗೆ ಕೈ ಹಾಕಿದಳು. ಹಾಕಿ ನಿಲ್ಲಿಸಿದಳು. "ಇದು ರೈತರ ಆಯ್ಕೆ ತಿಳ್ಕೊಳ್ಳೋಕೆ ಮಾಡ್ತಿರೋದು. ನಿಮಗೆ ಹೊಲ ಇದೆಯಾ ಅಕ್ಕ?"

"ಇವರೆಲ್ಲರ ಹೊಲದಲ್ಲೂ ಬಗ್ಗಿದ್ದೀನಿ. ಕಳೆ ಕಿತ್ತಿದ್ದೀನಿ, ಗೊಬ್ಬರ ಹೊತ್ತಿದ್ದೀನಿ. ಬೇಕಾದ್ರೆ ಕೇಳಿ, ಇಲ್ಲೇ ಕೂತಿದ್ದಾರೆ."

"ಅಲ್ಲ, ಸ್ವಂತದ್ದು..."

"ಅಕ್ಕ, ಟೀ ಆರೋಗುತ್ತೆ," ಅಂದ ಕಮಿಟಿಯಣ್ಣ.

ಮತ್ತೆ ನಗು. ಹೊರೆಯಕ್ಕನಿಗೆ ಕಿವಿ ಬಿಸಿಯಾಯಿತು. ಅಷ್ಟು ಜನರ ಎದುರಿಗೆ ಬೆತ್ತಲೆ ನಿಂತ ಹಾಗಾಯಿತು. ಬಾಯಿಗೆ ಬಂದದ್ದನ್ನ ನುಂಗಿ ಟೀ ಬಗ್ಗಿಸಿದಳು. ಒಬ್ಬನ ಪಂಚೆ ಮೇಲೆ ಸ್ವಲ್ಪ ಬಿತ್ತು. ಅದು ಕೈತಪ್ಪಿ ಬಿತ್ತೋ ಬೇಕಂತಲೇ ಬಿತ್ತೋ, ಅವಳೇ ಹೇಳಬೇಕು.

ರೈತರು ಎದ್ದು ಹೋಗಿ ಕಾಳು ಹಾಕಿದರು. ಮೊದಲನೇ ತಟ್ಟೆ ತುಂಬಿ ಚೆಲ್ಲಿತು. ಯಾಕೆ ತುಂಬಲ್ಲ? ಅವರಿಗೆ ಹೊಲದ ಬದುವಿನಲ್ಲೇ ಮರ ಇದೆ, ಹಿತ್ತಲಲ್ಲಿ ಮೇವು ಇದೆ, ಅಡುಗೆಮನೆಯಲ್ಲಿ ಸಿಲಿಂಡರ್ ಇದೆ. ಗುಡ್ಡದಿಂದ ಅವರಿಗೆ ಬರಬೇಕಾದದ್ದು ಪಾಲು ಒಂದೇ. ಎರಡನೇ ತಟ್ಟೆಗೂ ನಾಲ್ಕು ಕಾಳು ಬಿದ್ದವು, ಯಾರೋ ಮೆತ್ತಗಿನವರು ಹಾಕಿರಬೇಕು. ಮೂರನೆಯದು ಖಾಲಿ.

ಸಭೆ ಮುಗಿದ ಮೇಲೆ ಹೊರೆಯಕ್ಕ ಗುಡಿಸೋಕೆ ಬಗ್ಗಿದಳು. ಕಮಿಟಿಯಣ್ಣನಿಗೆ ಮನಸ್ಸಿಗೆ ಏನೋ ಅನ್ನಿಸಿರಬೇಕು. ಬಾಗಿಲಲ್ಲಿ ನಿಂತು ತುಂಬ ಉದಾರವಾಗಿ ಅಂದ, "ಅಕ್ಕ, ಕೆಳಗೆ ಬಿದ್ದ ಕಾಳೆಲ್ಲ ನೀನೇ ತಗೊಂಡು ಹೋಗು. ಬೇಯಿಸ್ಕೊಂಡು ಉಣ್ಣು."

ಹೊರೆಯಕ್ಕ ಪೊರಕೆ ನಿಲ್ಲಿಸಿದಳು. "ಯಾವ ಸೌದೇಲಿ ಬೇಯಿಸ್ಲಿ?"

ಕಾಳುಮೇಡಂ ಚಿತ್ರ ಸುತ್ತುತ್ತಾ ಸುತ್ತುತ್ತಾ ತಲೆ ಎತ್ತಲೇ ಇಲ್ಲ. ಕಮಿಟಿಯಣ್ಣ ಬೋಳುತಲೆ ಸವರಿಕೊಂಡ. "ಅಷ್ಟಕ್ಕೆಲ್ಲ ಬೇಜಾರು ಮಾಡ್ಕೋಬೇಡ. ಬೇಲಿ ಹಾಕಿದ್ರೂ ಮೇಕೆ ದಾರಿ ಒಂದನ್ನ ಬಿಡಿಸ್ತೀನಿ. ನನ್ನ ಮಾತು ಅಂದ್ರೆ ಮಾತು."

ಮೇಕೆ ದಾರಿ ಅಂದರೆ ಗುಡ್ಡದ ಬುಡದಿಂದ ಬಂಡೆಗಳ ನಡುವೆ ಮೇಲೆ ಹೋಗೋ ಸಣ್ಣ ದಾರಿ. ಮೇಕೆ, ಸೌದೆ, ಹೆಂಗಸರು, ಎಲ್ಲ ಅದರಲ್ಲೇ. ಅದೊಂದು ಉಳಿದರೆ ಬದುಕು ಉಳಿಯಿತು. ಹೊರೆಯಕ್ಕ ಆ ಮಾತು ನಂಬಿದಳು. ನಂಬದೆ ಏನು ಮಾಡ್ತಾಳೆ? ಸಿಟ್ಟನ್ನ ಬೇಯಿಸಿ ಉಣ್ಣೋಕಾಗುತ್ತಾ?

ಹಾಗಾಗಿ ಗುಂಡಿ ತೋಡೋ ಕೂಲಿಗೆ ಅವಳೂ ಹೋದಳು, ಸೊಸೆಯೂ ಹೋದಳು, ಹೊಲ ಇಲ್ಲದ ಮನೆಗಳ ಹೆಂಗಸರೆಲ್ಲ ಹೋದರು. ಅದು ಕಲ್ಲು ಗುಡ್ಡ. ಹಾರೆ ಹಾಕಿದರೆ ಕಿಡಿ ಹಾರುತ್ತೆ, ಮಣ್ಣು ಬರಲ್ಲ. ಅಂಗೈಯಲ್ಲಿ ಬೊಬ್ಬೆ ಎದ್ದು, ಒಡೆದು, ಹಾರೆಗೆ ಅಂಟಿಕೊಂಡವು. ನೆತ್ತಿ ಮೇಲೆ ಬಿಸಿಲು, ಕಾಲ ಕೆಳಗೆ ಕಾದ ಬಂಡೆ. ಸಂಜೆ ಇಳಿಯುವಾಗ ಸೊಂಟ ತನ್ನದಲ್ಲ ಅನ್ನಿಸೋದು. ಮನೆಗೆ ಬಂದು ಅತ್ತೆ ಸೊಸೆ ಜಗಳ ಆಡೋಕೂ ಶಕ್ತಿ ಇಲ್ಲದೆ ಗೋಡೆಗೊಬ್ಬರು ಒರಗಿ ಕೂರೋರು. ಅಕ್ಕಪಕ್ಕದವರಿಗೆ ಮನೆಯಲ್ಲಿ ಯಾರಿಗೋ ಹುಷಾರಿಲ್ಲ ಅಂತಲೇ ಅನುಮಾನ.

ನಾಟಿಯ ದಿನ ಬಂತು. ಅವತ್ತೇ ಒಪ್ಪಂದಕ್ಕೆ ಸಹಿ, ಅವತ್ತೇ ಫೋಟೋ, ಅವತ್ತೇ ಇಲಾಖೆಯ ದೊಡ್ಡ ಸಾಹೇಬರ ಕೈಯಿಂದ ಮೊದಲನೇ ಗಿಡ. ಗುಡ್ಡದ ಬುಡದಲ್ಲಿ ಶಾಮಿಯಾನ ಹಾಕಿದ್ದರು. ಟ್ರ್ಯಾಕ್ಟರಿನಿಂದ ಸಸಿ ಬುಟ್ಟಿಗಳು ಇಳಿದವು. ಅದರ ಹಿಂದೆ ಕಲ್ಲುಕಂಬ ಇಳಿದವು. ಕಂಬದ ಹಿಂದೆ ಮುಳ್ಳುತಂತಿಯ ಸುರುಳಿಗಳು.

"ಅಕ್ಕ, ಸಸಿ ಆಮೇಲೆ," ಅಂದ ಕಮಿಟಿಯಣ್ಣ. ಹೊಸ ಅಂಗಿ ಹಾಕಿದ್ದ. "ಮೊದಲು ತಂತಿ ಗುಡ್ಡದ ಮೇಲೆ ಹೋಗ್ಲಿ. ಬಂಡೆ ಹತ್ರ ಇಡಿ. ಸಾಹೇಬರು ಬರೋದ್ರೊಳಗೆ ದಾರಿ ಮುಚ್ಚಿರಬೇಕಂತೆ."

"ಯಾವ ದಾರಿ?"

ಅವನು ಶಾಮಿಯಾನದ ಹಗ್ಗ ಸರಿಮಾಡೋಕೆ ಹೋದ. ಹಗ್ಗ ಸರಿಯಾಗೇ ಇತ್ತು.

"ಯಾವ ದಾರೀಪ್ಪಾ?"

"ಮೇಕೆ ದಾರಿ. ಅಲ್ಲಕ್ಕ, ನಾನು ಹೇಳ್ದೆ ಅವರಿಗೆ. ಕಾಳು ಹಾಗೆ ಬಿತ್ತಲ್ಲ, ನಾನೇನು ಮಾಡ್ಲಿ? ಒಂದು ಕಡೆ ಬಿಟ್ರೆ ಇಡೀ ಬೇಲಿ ಯಾಕೆ ಅಂತಾರೆ."

"ನಿನ್ನ ಮಾತು ಅಂದ್ರೆ ಮಾತು ಅಂದಿದ್ದೆ."

"ಮಾತೇ. ನಾನೆಲ್ಲಿ ಇಲ್ಲ ಅಂದೆ?" ಅಂದ ಕಮಿಟಿಯಣ್ಣ. ಅದಕ್ಕೆ ಏನರ್ಥ ಅಂತ ಅವನಿಗೂ ಗೊತ್ತಿರಲಿಲ್ಲ.

ಅಷ್ಟರಲ್ಲಿ ಸೊಸೆ ಸೆರಗು ಬಿಗಿದು, ಹಳೇ ಬಟ್ಟೆಯ ಸಿಂಬಿ ತಲೆ ಮೇಲಿಟ್ಟು, ಅದರ ಮೇಲೊಂದು ಗೋಣಿಚೀಲ ಹಾಕಿ ಸುರುಳಿಯ ಮುಂದೆ ಬಗ್ಗಿದ್ದಳು. ಮನೆಯಲ್ಲಿ ಹಿಟ್ಟಿರಲಿಲ್ಲ. ಕೂಲಿ ಬಂದರೆ ಸಂಜೆ ಹಿಟ್ಟು. ಅವಳ ತಲೆಯಲ್ಲಿ ಅದೊಂದೇ ಇದ್ದದ್ದು.

"ಅತ್ತೆ, ಕೈ."

ಹೊರೆಯಕ್ಕನ ಕೈ ತಾನೇ ಮುಂದೆ ಹೋಯಿತು. ಇಷ್ಟು ವರ್ಷದ ರೂಢಿ. ಸುರುಳಿಯ ಒಂದು ಅಂಚು ಹಿಡಿದಳು. ಇನ್ನೂ ಮಾಗದ ಬೊಬ್ಬೆಗೆ ಮುಳ್ಳು ಚುಚ್ಚಿತು. ಅವಳು ಸೊಸೆಯ ಬಗ್ಗಿದ ಕತ್ತು ನೋಡಿದಳು. ಆ ಕತ್ತಿನ ಮೇಲೆ ಹೋಗೋದು ಏನು ಅಂತ ನೋಡಿದಳು. ಕೈ ಬಿಟ್ಟಳು.

"ಕೊಡಲ್ಲ."

ಸೊಸೆಗೆ ಕೇಳಿಸಲಿಲ್ಲವೋ, ಕೇಳಿಸಿದ್ದನ್ನ ನಂಬೋಕಾಗಲಿಲ್ಲವೋ. "ಎತ್ತಿಸಿ ಅತ್ತೆ, ಬೆನ್ನು ನೋಯುತ್ತೆ."

"ಎತ್ತಿಸಲ್ಲ ಅಂದೆ."

ಸುತ್ತಲಿನ ಹೆಂಗಸರು ತಿರುಗಿ ನೋಡಿದರು. ಗುಡ್ಡದಲ್ಲಿ ಯಾರ ಬಾಯಲ್ಲೂ ಬಂದ ಮಾತಲ್ಲ ಅದು. ಸೊಸೆಯ ಮುಖ ಕೆಂಪಾಯಿತು. "ಏನಾಗಿದೆ ನಿಮಗೆ? ಮನೇಲಿ ಹಿಟ್ಟಿಲ್ಲ."

"ಗೊತ್ತು."

"ಕೂಲಿ ಹೋಗುತ್ತೆ."

"ಹೋಗ್ಲಿ."

"ಎಲ್ಲರೆದುರು ನಂಗೆ ಕೈ ಕೊಡಲ್ಲ ಅಂತೀರಾ? ಇನ್ನು ಮೇಲೆ ನಿಮ್ಮ ಹೊರೆಗೆ ನಾನೂ ಕೈ ಕೊಡಲ್ಲ, ತಿಳ್ಕೊಳ್ಳಿ."

"ಯಾವ ಹೊರೆಗೇ? ಈ ತಂತಿ ಮೇಲೆ ಹೋದ್ರೆ ನಿಂಗೂ ಹೊರೆ ಇಲ್ಲ, ನಂಗೂ ಹೊರೆ ಇಲ್ಲ. ಆ ಕೈ ಇಟ್ಕೊಂಡು ಏನು ಮಾಡ್ತೀಯಾ, ಬಳೆ ಎಣಿಸ್ತಾ ಕೂತ್ಕೋತೀಯಾ?" ಹೊರೆಯಕ್ಕ ಶಾಮಿಯಾನದ ಕಡೆ ಕೈ ತೋರಿಸಿದಳು. "ಮುಚ್ಚೋರು ಮುಚ್ಕೊಳ್ಳಲಿ. ನಮ್ಮ ಬಾಗಿಲಿಗೆ ಹಾಕೋ ಬೀಗಾನ ನಮ್ಮ ತಲೆ ಮೇಲೇ ಹೊರಿಸ್ತಾರಲ್ಲೇ! ನಾನು ಹೊರಲ್ಲ. ನಿನ್ನ ತಲೆಗೂ ಏರಿಸಲ್ಲ."

ಹಾಗಂದು ದಾರಿಯ ಬಾಯಲ್ಲಿ ಕಾಲು ನೀಡಿ ಕೂತುಬಿಟ್ಟಳು.

ಸೊಸೆ ಬಗ್ಗಿದ ಹಾಗೇ ಪಕ್ಕದವಳ ಕಡೆ ನೋಡಿದಳು. ಪಕ್ಕದವಳು ಕೈಯನ್ನ ಸೆರಗಿನೊಳಗೆ ಇಟ್ಟುಕೊಂಡಳು. ಅವಳ ಪಕ್ಕದವಳು ಎಲ್ಲೋ ಹಕ್ಕಿ ನೋಡಿದಳು. ಸೊಸೆ ಸಿಂಬಿ ಕಿತ್ತು, ಗೊಣಗ್ತಾ ಬಂದು, ಅತ್ತೆಗೆ ತಾಗದ ಹಾಗೆ ಒಂದು ಮೊಳ ದೂರ ಕೂತಳು. ಸಿಟ್ಟು ಸಿಟ್ಟೇ, ಆದರೆ ಕೂತಳು. ಒಬ್ಬೊಬ್ಬರಾಗಿ ಎಲ್ಲರೂ ಬಂದು ಕೂತರು.

ಕಮಿಟಿಯಣ್ಣ ಬೇಡಿದ, ರೇಗಿದ, ಮತ್ತೆ ಬೇಡಿದ. ಕೊನೆಗೆ ಹೊಸ ಅಂಗಿಯ ತೋಳು ಮಡಚಿ, ತಮ್ಮನನ್ನ ಕರೆದ. ತಮ್ಮ ಸುರುಳಿ ಎತ್ತಿ ಅಣ್ಣನ ತಲೆ ಮೇಲಿಟ್ಟ. ಬೋಳುತಲೆ, ಮುಳ್ಳುತಂತಿ. ಮುಂದಿನದ್ದು ನಾನು ಹೇಳಬೇಕಾ? "ಅಯ್ಯಯ್ಯೋ ಇಳಿಸೋ ಇಳಿಸೋ!" ಅನ್ನೋದು ಊರಿಗೆಲ್ಲ ಕೇಳಿಸಿತು. ಹೆಂಗಸರು ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕರು. ಸೊಸೆಗೂ ತಡೆಯೋಕಾಗಲಿಲ್ಲ.

ಹೊರೆಯಕ್ಕ ತನ್ನ ಸಿಂಬಿ ಎಸೆದಳು. "ತಗೋಪ್ಪಾ. ಸಿಂಬಿ ಬೇಕಾದ್ರೆ ಕೊಡ್ತೀನಿ. ಕೈ ಮಾತ್ರ ಕೇಳ್ಬೇಡ." ಆಮೇಲೆ ಇನ್ನೊಂದು ಮಾತು ಸೇರಿಸಿದಳು, "ಆ ಸಸಿ ಬುಟ್ಟಿಗಳನ್ನ ನೆರಳಿಗೆ ಸರಿಸಿ ನೀರು ಚಿಮುಕಿಸು. ಗಿಡ ಪಾಪ ಯಾರಿಗೇನು ಮಾಡಿದೆ?"

ಅವನು ನೆರಳಿಗೆ ಸರಿಸಿದ. ಸರಿಸಿ ಫೋನ್ ಮಾಡಿದ. ಸ್ವಲ್ಪ ದೂರದಲ್ಲಿ ದೊಡ್ಡ ರಸ್ತೆಯ ಕೆಲಸ ನಡೀತಿತ್ತು, ಅಲ್ಲಿಗೆ ಬೇರೆ ಕಡೆಯ ಕೂಲಿ ಹೆಂಗಸರು ಬಂದಿದ್ದರು. ಅಲ್ಲಿನ ಮೇಸ್ತ್ರಿ ಅವರನ್ನ ಲಾರಿಯಲ್ಲಿ ತುಂಬಿಸಿ ಕಳಿಸಿದ. ಲಾರಿ ಬಂತು. ಹಿಂದಿನಿಂದ ಹೆಂಗಸರು ಧುಮುಕಿದರು. ಎಲ್ಲರ ಕೈಯಲ್ಲೂ ಸಿಂಬಿ.

ಇನ್ನು ಮುಗೀತು ಅಂದುಕೊಂಡಳು ಹೊರೆಯಕ್ಕ. ಕೂಲಿಯೂ ಹೋಯಿತು, ದಾರಿಯೂ ಹೋಯಿತು. ಸೊಸೆ ಅವಳ ಕಡೆ ನೋಡಿದ ನೋಟದಲ್ಲೂ ಅದೇ ಇತ್ತು.

ಬಂದವರಲ್ಲಿ ಮುಂದಿದ್ದವಳು ಅಗಲ ಮುಖದ ಹೆಂಗಸು. ಕಾಲಲ್ಲಿ ಟಾರಿನ ಕಲೆ. ಯಾರನ್ನೂ ಏನೂ ಕೇಳದೆ ಸಿಂಬಿ ಇಟ್ಟುಕೊಂಡು ಒಂದು ಸುರುಳಿಯ ಮುಂದೆ ಬಗ್ಗಿದಳು. ಹತ್ತಿರ ಕೂತಿದ್ದವಳು ಹೊರೆಯಕ್ಕ. ಅವಳನ್ನೇ ನೋಡಿ ಅಂದಳು, "ತಾಯಿ, ಒಂಚೂರು ಕೈ ಕೊಡಿ."

ಅವರ ಕಡೆಯೂ ಅದೇ ಕಟ್ಟುಪಾಡು ಅಂತ ಕಾಣುತ್ತೆ. ಹೊರೆಯಕ್ಕನ ಮೈ ಅರ್ಧ ಎದ್ದಿತು. ಗುರುತಿಲ್ಲದವಳು, ದೂರದವಳು, ಬಗ್ಗಿ ನಿಂತು ಕೈ ಕೇಳ್ತಿದ್ದಾಳೆ. ಇಲ್ಲ ಅನ್ನೋಕೆ ಸೊಸೆಗೆ ಇಲ್ಲ ಅಂದದ್ದಕ್ಕಿಂತ ಕಷ್ಟವಾಯಿತು. ಕಣ್ಣಲ್ಲಿ ನೀರು ಬಂತು.

"ಆಗಲ್ಲಮ್ಮ," ಅಂದಳು. "ಬೈಕೋ ಬೇಕಾದ್ರೆ. ಈ ದಾರಿ ನೋಡು. ನಮ್ಮ ಸೌದೆ, ನಮ್ಮ ಮೇಕೆ, ಎಲ್ಲ ಇದ್ರಲ್ಲೇ. ಇದನ್ನ ಮುಚ್ಚೋಕೇ ಆ ತಂತಿ. ನಮಗೆ ಹೊಲ ಇಲ್ಲ ಅಂತ ನಮ್ಮನ್ನ ಒಂದು ಮಾತೂ ಕೇಳಿಲ್ಲ."

ಆ ಹೆಂಗಸು ಮೆಲ್ಲಗೆ ನೆಟ್ಟಗಾದಳು. ಗುಡ್ಡ ನೋಡಿದಳು, ದಾರಿ ನೋಡಿದಳು, ಕೂತವರನ್ನೆಲ್ಲ ನೋಡಿದಳು.

"ನಮ್ಮೂರ ಗುಡ್ಡಕ್ಕೂ ಹಾಕಿದ್ರು," ಅಂದಳು. "ತಂತಿ ನಾವೇ ಹೊತ್ವಿ. ಕೂಲಿ ಚೆನ್ನಾಗಿತ್ತು."

ಸಿಂಬಿ ತಲೆಯಿಂದ ತೆಗೆದಳು. "ಸ್ವಲ್ಪ ಸರೀರಿ ತಾಯಿ." ಅತ್ತೆಗೂ ಸೊಸೆಗೂ ಮಧ್ಯೆ ಇದ್ದ ಆ ಒಂದು ಮೊಳ ಜಾಗದಲ್ಲಿ ಕೂತಳು. ಅವಳ ಜೊತೆಯವರೂ ಕೂತರು. ಲಾರಿ ಡ್ರೈವರ್ ಹಾರ್ನ್ ಹೊಡೆದ. ಯಾರೂ ತಿರುಗಲಿಲ್ಲ.

ಸಾಹೇಬರ ಜೀಪು ಬಂದಾಗ ಗುಡ್ಡದ ಬುಡದಲ್ಲಿ ತಲೆಗಳಿದ್ದವು, ಸಿಂಬಿಗಳಿದ್ದವು, ಸುರುಳಿ ಎತ್ತೋ ಕೈ ಒಂದೂ ಇರಲಿಲ್ಲ. ಸಾಹೇಬರು ಹೆಂಗಸರನ್ನ ನೋಡಿ ಕಮಿಟಿಯಣ್ಣನನ್ನ ಕೇಳಿದರು, "ಏನಿದು? ಇವರಿಗೆ ಏನು ಬೇಕಂತೆ?"

"ಕೇಳಿಲ್ಲ ಸಾರ್."

"ಯಾಕೆ ಕೇಳಿಲ್ಲ?"

"ಹೊಲ ಇಲ್ಲ ಸಾರ್," ಅಂದ ಕಮಿಟಿಯಣ್ಣ, ಗೀರಿದ ತಲೆ ಸವರಿಕೊಳ್ಳುತ್ತಾ. ಹೇಳಿದ ಮೇಲೆ ಆ ಮಾತು ಅವನಿಗೇ ಯಾಕೋ ಸರಿ ಅನ್ನಿಸಲಿಲ್ಲ.

ಜೀಪಿನ ಹಿಂದಿನಿಂದ ಕಾಳುಮೇಡಂ ಇಳಿದಳು. ಚಿತ್ರ ತರಲಿಲ್ಲ, ಬಟ್ಟಲು ತರಲಿಲ್ಲ. ಬಂದು ಹೊರೆಯಕ್ಕನ ಎದುರಿಗೆ ಮಣ್ಣಿನಲ್ಲೇ ಕೂತಳು. ಸಾಹೇಬರು ಗಡಿಯಾರ ನೋಡಿಕೊಂಡರು. ಸಹಿ ಆಗಬೇಕಿದ್ದ ಹೊತ್ತು ಆಗಲೇ ದಾಟಿತ್ತು. ಅವತ್ತು ಸಹಿ ಬೀಳಲೂ ಇಲ್ಲ, ತಂತಿ ಮೇಲೆ ಹೋಗಲೂ ಇಲ್ಲ.

"ಹೇಳಿ ಅಕ್ಕ," ಅಂದಳು ಕಾಳುಮೇಡಂ. "ನಿಮಗೆ ಏನು ಬೇಕು?"

ಹೊರೆಯಕ್ಕ ಎಷ್ಟೋ ದಿನದಿಂದ ಆ ಮಾತಿಗೆ ಕಾದಿದ್ದಳು. ಹೇಳೋದು ನಾಲಗೆ ತುದಿಯಲ್ಲೇ ಇತ್ತು. ಆದರೆ ಪಕ್ಕದಲ್ಲಿ ಕೂತವಳ ಟಾರು ಮೆತ್ತಿದ ಕಾಲು ಕಂಡಿತು.

"ನಂದು ಹೇಳ್ತೀನಿ, ಎಲ್ಲಿಗೂ ಓಡಿಹೋಗಲ್ಲ. ಮೊದಲು ಇವಳನ್ನ ಕೇಳಿ. ಇವಳ ಗುಡ್ಡಕ್ಕೆ ಆಗಲೇ ಬೇಲಿ ಬಿದ್ದಿದೆ."

ಅಗಲ ಮುಖದ ಹೆಂಗಸು ಗಾಬರಿಯಾದಳು. ಯಾರೂ ಅವಳನ್ನ ಏನೂ ಕೇಳಿದವರಲ್ಲ. ಸೆರಗಿನಲ್ಲಿ ಕತ್ತಿನ ಬೆವರು ಒರೆಸಿಕೊಂಡಳು. ಸಾಹೇಬರ ಕಡೆ ನೋಡಲಿಲ್ಲ. ಮಣ್ಣು ನೋಡುತ್ತಾ ಶುರು ಮಾಡಿದಳು.

"ಮೊದಲು ಮೇಕೆ ಮಾರಿದ್ವಿ, ಮೇಡಂ."